ಕ್ಯಾಟ್ ಕನ್ವರ್ಟರ್ ಕೆಲಸಕ್ಕೆ ಕುಶಾಲನಗರದ ಈ ಗ್ಯಾರೇಜ್ ಓಕೆ

ಮಡಿಕೇರಿ ಹತ್ತೋವಾಗ ಗಾಡಿ ಎಳೀತಿಲ್ಲ ಅನ್ನೋರು ಕುಶಾಲನಗರದಲ್ಲಿ ಮೈಸೂರು ರೋಡಿನ ಈ ಚಿಕ್ಕ ಗ್ಯಾರೇಜಿಗೆ ಒಮ್ಮೆ ತೋರಿಸಿ. ನಮ್ದು ಹಳೇ ಪೆಟ್ರೋಲ್ ಕಾರು, ಸುಂಟಿಕೊಪ್ಪ ದಾಟಿದ್ಮೇಲೆ ಸೆಕೆಂಡ್ ಗೇರಲ್ಲೂ ಏದುಸಿರು ಬಿಡ್ತಿತ್ತು, ಬೇರೆ ಕಡೆ ಕ್ಲಚ್ ಹೋಗಿದೆ ಅಂದಿದ್ರು, ಇಲ್ಲಿ ಮೆಕ್ಯಾನಿಕ್ ಸುಮ್ನೆ ಊಹೆ ಮಾಡ್ದೆ ಹೊಗೆ ಪೈಪಲ್ಲಿ ಕನ್ವರ್ಟರ್‌ಗಿಂತ ಮುಂಚೆ ಇರೋ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಷರ್ ಗೇಜ್ ಹಾಕಿ ತೋರಿಸಿದ್ರು. ಇಂಜಿನ್ 2500 ಆರ್‌ಪಿಎಂನಲ್ಲಿ ಓಡೋವಾಗ ಹೊಗೆಯ ಒತ್ತಡ ಸುಮಾರು 3 ಪಿಎಸ್‌ಐ ಒಳಗಿರ್ಬೇಕು, ನಮ್ದು ಎಲ್ಲೋ ಹೋಗಿತ್ತು. ಕ್ಯಾಟಲಿಟಿಕ್ ಕನ್ವರ್ಟರ್, ಅಂದ್ರೆ ಹೊಗೆಯ ವಿಷ ಕಮ್ಮಿ ಮಾಡೋ ಡಬ್ಬಿ, ಅದರ ಒಳಗಿನ ಜೇನುಗೂಡಿನ ಥರದ ಸೆರಾಮಿಕ್ ಕರಗಿ ಹೊಗೆ ಹೋಗೋ ದಾರೀನೇ ಮುಚ್ಚಿತ್ತು.

ಇಷ್ಟ ಆಗಿದ್ದು ಏನಂದ್ರೆ ಸೀದಾ ಹೊಸ ಪಾರ್ಟ್ ಹಾಕಿ ಬಿಲ್ ಕೊಡ್ಲಿಲ್ಲ. ಸ್ಪಾರ್ಕ್‌ಗೆ ಕರೆಂಟ್ ಕೊಡೋ ಇಗ್ನಿಷನ್ ಕಾಯಿಲ್ ವೀಕ್ ಆಗಿ ಸುಡದೇ ಇರೋ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಉರೀತಿತ್ತು, ಮೊದ್ಲು ಅದನ್ನ ಸರಿ ಮಾಡಿದ್ರು, ಇಲ್ಲಾಂದ್ರೆ ಹೊಸದೂ ಹಾಳಾಗ್ತಿತ್ತು. ಟ್ಯಾಂಕಿಗೆ ಸುರಿಯೋ ಕ್ಲೀನರ್ ಬಾಟ್ಲಿ ಕೇಳ್ದೆ, ಸ್ವಲ್ಪ ಕಾರ್ಬನ್ ಇದ್ರೆ ಸರಿ, ಕರಗಿರೋದಕ್ಕೆ ದಂಡ ಅಂದ್ರು. ಒಳಗಿಂದು ತೆಗ್ದು ಖಾಲಿ ಪೈಪ್ ಮಾಡೋಕೆ ಒಪ್ಪಲ್ಲ, ಒಳ್ಳೇದೇ ಬಿಡಿ, ಎಮಿಷನ್ ಟೆಸ್ಟೂ ಫೇಲ್ ಆಗುತ್ತೆ, ಇಂಜಿನ್ ಲೈಟೂ ಆರಲ್ಲ.

ರೇಟ್ ಮಾತ್ರ ಬಿಸಿ ಮಾರಾಯ್ರೆ, ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರೋ ಸಾಮಾನು, ಏನ್ ಮಾಡೋದು. ಪಾರ್ಟ್ ಮೈಸೂರಿಂದ ಬರ್ಬೇಕು, ವೀಕೆಂಡ್ ಟೂರಿಸ್ಟ್ ಗಾಡಿಗಳ ರಶ್ ಬೇರೆ, ಫೋನ್ ಮಾಡ್ಕೊಂಡೇ ಹೋಗಿ.