ಬಲೆ, ಬಕೆಟ್, ಬೇಸಿಗೆಯ ಕೆಸರು: ವರದೆಯ ಹೊಂಡ ಜಾಲಾಡಿದ ಲೆಕ್ಕ

ವರದಾ ಹೊಳೆ ಶ್ರಾವಣದಲ್ಲಿ ಉಕ್ಕಿ ಇಳಿದ ಮೇಲೆ ಹಾವೇರಿ ಬಳಿಯ ಕರ್ಜಗಿಯ ಆಸುಪಾಸಿನ ತಗ್ಗುಗಳಲ್ಲಿ ನೀರು ನಿಂತುಬಿಡುತ್ತದೆ. ಮಲೆನಾಡಿನ ಸಾಗರ ಊರಿನ ಕಡೆ ಸುರಿದ ಮಳೆ ಇಲ್ಲಿ ಹೊಂಡವಾಗಿ ದೀಪಾವಳಿಯವರೆಗೆ, ಕೆಲವೆಡೆ ಸಂಕ್ರಾಂತಿಯವರೆಗೂ ಉಳಿಯುತ್ತದೆ. ಆ ನೀರಿನಲ್ಲಿ ಏಡಿ, ಸೀಗಡಿಗಳ ಬಳಗಕ್ಕೆ ಸೇರಿದ ಕಿರುಜೀವಿಗಳಿವೆ. ಹೆಚ್ಚಿನವು ಸಾಸಿವೆ ಕಾಳಿಗಿಂತ ಚಿಕ್ಕವು. ಕುಪ್ಪಳಿಸುತ್ತ ಈಜುವ ನೀರುಚಿಗಟ, ಜಿಗಿದು ಜಿಗಿದು ಸಾಗುವ ಕೋಪೆಪಾಡ್, ಎರಡು ಚಿಪ್ಪಿನ ನಡುವೆ ಅಡಗಿದ ಆಸ್ಟ್ರಕಾಡ್ ಎಂದು ಮೂರು ಮನೆತನ. ನೀರುಚಿಗಟಗಳಲ್ಲಿಯೇ ಭಾರತದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮ ಹೊಂಡದಲ್ಲಿ ಯಾರ್‍ಯಾರಿದ್ದಾರೆ ಎಂದು ತಿಳಿಯಲು ಎರಡು ವರ್ಷ ಬೇರೆ ಬೇರೆ ದಾರಿ ಹಿಡಿದು ನೋಡಿದೆ.

ಮೊದಲು ದುಡ್ಡು ಕೊಟ್ಟು ಬಲೆ ತರಿಸಿದೆ. ಬಿಲ್ಲಿನಲ್ಲಿ 60 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ಎಂದಿತ್ತು. ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗಿಟ್ಟು ಅಳೆದರೆ ಬಲೆಯ ಕಣ್ಣು 150ರ ಹತ್ತಿರ ಬಂತು. ಕೋಪೆಪಾಡ್‌ಗಳ ಎಳೆಯ ಮರಿಗಳು ಅದರಿಂದ ಸಲೀಸಾಗಿ ನುಸುಳಿ ಹೋಗುತ್ತವೆ. ಮಾರಿದವರಿಗೆ ಪತ್ರ ಬರೆದೆ, ಉತ್ತರವಿಲ್ಲ. ಅದಿರಲಿ, ದೊಡ್ಡ ದೋಷ ಬೇರೆಯೇ ಇತ್ತು. ಬಲೆಯ ಬಾಯಿ 30 ಸೆಂಟಿಮೀಟರ್, ಎಳೆದ ದೂರ 5 ಮೀಟರ್. ಗಣಿತದ ಪ್ರಕಾರ ಸುಮಾರು 350 ಲೀಟರ್ ನೀರು ಸೋಸಿರಬೇಕು. ಆದರೆ ಹೊಂಡದಲ್ಲಿ ಪಾಚಿಯ ಲೋಳೆ ಎರಡನೆಯ ಮೀಟರಿಗೇ ಕಣ್ಣುಗಳನ್ನು ಮುಚ್ಚಿಬಿಡುತ್ತದೆ. ಅಲ್ಲಿಂದ ಮುಂದೆ ಬಲೆ ಸೋಸುವುದಿಲ್ಲ, ನೀರನ್ನು ಬದಿಗೆ ತಳ್ಳುತ್ತ ಬರುತ್ತದೆ. ದಡದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಹಿರಿಯರೊಬ್ಬರು, “ಮಾಸ್ತರೇ, ಇದರಲ್ಲಿ ಯಾವ ಮೀನು ಸಿಗುತ್ತದೆ?” ಎಂದು ಕೇಳಿದರು. ಬಾಟಲಿಯೊಳಗಿನ ಹಸಿರು ಗಂಜಿಯನ್ನು ತೋರಿಸುವ ಧೈರ್ಯ ನನಗಾಗಲಿಲ್ಲ. ಹಾವೇರಿಯ ಹೆಗ್ಗೇರಿ ಕೆರೆಯ ನಡುನೀರಿನಲ್ಲಿ ಅದೇ ಬಲೆ ಚೆನ್ನಾಗಿ ದುಡಿಯಿತು ಎಂಬುದನ್ನೂ ಹೇಳಬೇಕು. ತೆರೆದ ನೀರು ಅದರ ಜಾಗ.

ಎರಡನೆಯದು ಬಕೆಟ್. ಹುಬ್ಬಳ್ಳಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವರು ಬಳಸುವ ಸ್ಕ್ರೀನ್ ಬಟ್ಟೆ ತಂದೆ. ಸೆಂಟಿಮೀಟರಿಗೆ 77 ಎಳೆಯ ಬಟ್ಟೆಯಲ್ಲಿ ಕಣ್ಣು ಸುಮಾರು 80 ಮೈಕ್ರಾನ್. ತಳ ಕತ್ತರಿಸಿದ ಪ್ಲಾಸ್ಟಿಕ್ ಡಬ್ಬಿಗೆ ಅದನ್ನು ಬಿಗಿದು, ಹತ್ತು ಲೀಟರಿನ ಐದು ಬಕೆಟ್ ನೀರು ಸುರಿದೆ. ಐವತ್ತು ಲೀಟರ್ ಎಂದರೆ ಐವತ್ತೇ ಲೀಟರ್. ಲೀಟರಿಗೆ ಎಷ್ಟು ಜೀವಿಗಳೆಂದು ಎದೆ ತಟ್ಟಿ ಹೇಳಬಹುದು. ಒಂದೇ ಎಚ್ಚರಿಕೆ: ಡಬ್ಬಿಯ ತಳ ನೀರಿನಲ್ಲಿ ಮುಳುಗಿರಬೇಕು. ಮೇಲೆತ್ತಿದರೆ ನೀರುಚಿಗಟದ ಕವಚದೊಳಗೆ ಗಾಳಿ ಸೇರಿ ಅದು ಬೆಂಡಿನಂತೆ ತೇಲುತ್ತದೆ, ಎಣಿಕೆ ಕೆಡುತ್ತದೆ.

ಹಠಕ್ಕೆ ಹಳೆಯ ಸೀರೆಯ ಅರಿವೆಯನ್ನೂ ನಾಲ್ಕು ಪದರ ಮಡಿಸಿ ಹಿಡಿದೆ. ಬೇಗ ಕಟ್ಟಿಕೊಂಡರೂ ಸೈಕ್ಲಾಪ್ಸ್ ಎಂಬ ಕೋಪೆಪಾಡ್ ಒಂದೂ ದಾಟಿದಂತೆ ಕಾಣಲಿಲ್ಲ. ನಮ್ಮ ಅಜ್ಜಿ ಕುಡಿಯುವ ನೀರನ್ನು ಹೀಗೆಯೇ ಸೋಸುತ್ತಿದ್ದರು. ನಾರುಹುಣ್ಣಿನ ಮರಿಹುಳುವನ್ನು ಹೊತ್ತು ಮನುಷ್ಯರ ಹೊಟ್ಟೆ ಸೇರುತ್ತಿದ್ದುದು ಇದೇ ಒಂಟಿಕಣ್ಣಿನ ಸೈಕ್ಲಾಪ್ಸ್. ದೇಶದಲ್ಲಿ ಆ ರೋಗದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. ಅರಿವೆಯ ಪಾಲು ಅದರಲ್ಲಿ ಸಣ್ಣದಲ್ಲ.

ಬಲೆಗೂ ಬಕೆಟ್ಟಿಗೂ ಸಮನಾದ ಒಂದು ಕುರುಡಿದೆ. ಎರಡೂ ನಡುನೀರನ್ನೇ ನೋಡುತ್ತವೆ. ಮೊಯಿನಾ, ಡಯಾಫನೊಸೋಮಾ ಎಂಬ ನೀರುಚಿಗಟಗಳು, ಕೋಪೆಪಾಡ್‌ಗಳು ಸಿಕ್ಕವು; ಹೊಂಡದಲ್ಲಿರುವುದು ಇಷ್ಟೇ ಎಂದು ಮೊದಲ ವರ್ಷ ಬರೆದಿಟ್ಟುಕೊಂಡೆ. ಮರುವರ್ಷ ಜೊಂಡಿನ ಬುಡ, ನೀರೊಳಗಿನ ಕಳೆಯನ್ನು ಕಿತ್ತು ಬಕೆಟ್ಟಿನಲ್ಲಿ ಜಾಲಿಸಿ ಸೋಸಿದಾಗ ಆ ಟಿಪ್ಪಣಿಗೆ ಅಡ್ಡಗೀಟು ಹಾಕಬೇಕಾಯಿತು. ಬೇರೆಯೇ ನೀರುಚಿಗಟಗಳು ಸಿಕ್ಕವು: ಗುಂಡಗಿನ ಕೈಡೋರಸ್, ಅಲೋನಾ, ಮ್ಯಾಕ್ರೊಥ್ರಿಕ್ಸ್, ಬೆನ್ನನ್ನು ಎಲೆಗೆ ಅಂಟಿಸಿಕೊಂಡು ಕೂರುವ ಸೈಮೊಸೆಫಾಲಸ್, ಜೊತೆಗೆ ಆಸ್ಟ್ರಕಾಡ್‌ಗಳ ರಾಶಿ. ಸಂಖ್ಯೆ ನಡುನೀರಿನಲ್ಲಿ, ವೈವಿಧ್ಯ ಅಂಚಿನ ಕಳೆಯಲ್ಲಿ. ಜೊಂಡು ಕಿತ್ತು ದಂಡೆ ಕಟ್ಟಿ ಕೆರೆಯನ್ನು “ಚೆಂದ” ಮಾಡುವವರನ್ನು ಕಂಡರೆ ಈಗ ನನಗೆ ಸಿಟ್ಟು ಬರುತ್ತದೆ.

ರಾತ್ರಿ ಬಾಟಲಿಯೊಳಗೆ ಟಾರ್ಚ್ ಇಟ್ಟು ಮುಳುಗಿಸಿದ ಪ್ರಯೋಗವೂ ಆಯಿತು. ಜೀವಿಗಳು ಬಂದವು, ಅವುಗಳಿಗಿಂತ ಹೆಚ್ಚಾಗಿ ಸೊಳ್ಳೆ ಬಂದವು. ಬಿಟ್ಟೆ.

ನನ್ನ ಮನಸ್ಸು ನಿಂತಿದ್ದು ಕೆಸರಿನ ಮೇಲೆ. ಏಪ್ರಿಲ್‌ನಲ್ಲಿ ಹೊಂಡ ಒಣಗಿ ಬಿರುಕು ಬಿಟ್ಟಾಗ ಮೇಲಿನ ಎರಡು ಬೆರಳಿನಷ್ಟು ಮಣ್ಣು ಕೆರೆದು ತಂದು, ಬಿಳಿ ಟಬ್ಬಿನಲ್ಲಿ ಹರಡಿ, ಎರಡು ದಿನ ತೆರೆದಿಟ್ಟ ನಲ್ಲಿನೀರು ತುಂಬಿ ಕಿಟಕಿಯ ಬಳಿ ಇಟ್ಟೆ. ನೀರು ಬತ್ತುವ ಸೂಚನೆ ಸಿಕ್ಕರೆ ನೀರುಚಿಗಟ ಕುದುರೆಯ ಜೀನಿನ ಆಕಾರದ ಗಟ್ಟಿ ಪೊಟ್ಟಣದಲ್ಲಿ ಮೊಟ್ಟೆ ಕಟ್ಟಿಡುತ್ತದೆ. ಅದು ಬೇಸಿಗೆಯನ್ನು ದಾಟುತ್ತದೆ. ಮರುದಿನವೇ ಈಜಾಡಿದ್ದು ಸೈಕ್ಲಾಪ್ಸ್, ಅದೂ ಅರ್ಧ ಬೆಳೆದದ್ದು. ಅದರ ಹಲವು ಪ್ರಭೇದಗಳು ಮೊಟ್ಟೆಯಾಗಿ ಅಲ್ಲ, ಎಳೆಯ ಜೀವಿಯಾಗಿಯೇ ಮಣ್ಣಿನಲ್ಲಿ ಮಲಗಿರುತ್ತವೆ. ನಾಲ್ಕನೆಯ ದಿನ ಮೊಯಿನಾ ಕಂಡಿತು.

ಹೋಲಿಕೆಗೆಂದು ಹೊಳೆಯಿಂದ ದೂರದ ಎರೆಹೊಲದ ಮಳೆಗುಂಡಿಯ ಮಣ್ಣನ್ನೂ ನೆನೆಸಿದ್ದೆ. ಅದರಲ್ಲಿ ಹುಟ್ಟಿದವು ಮಗುಚಿಕೊಂಡು, ಹೊಟ್ಟೆ ಮೇಲೆ ಮಾಡಿ ಈಜುವ ಫೇರಿ ಸೀಗಡಿಗಳು. ಹೊಳೆಯ ಹೊಂಡಕ್ಕೆ ಪ್ರವಾಹದೊಂದಿಗೆ ಮೀನು ಬರುತ್ತದೆ, ಹಾಗಾಗಿ ಅಲ್ಲಿ ಈ ನಿಧಾನದ ಪ್ರಾಣಿ ಬಾಳುವುದು ಕಷ್ಟ. ಮಳೆಗುಂಡಿಯಲ್ಲಿ ಮೀನಿಲ್ಲ. ಹೊಳೆ ಮುಟ್ಟದ ಗುಂಡಿಗೆ ಇವುಗಳ ಮೊಟ್ಟೆ ತಲುಪಲು ಗಾಳಿಯ ದೂಳು ಸಾಕು, ಹಕ್ಕಿಯ ಕಾಲಿನ ಕೆಸರೂ ಸಾಕು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ದುರ್ಬೀನಿನಲ್ಲಿ ನೋಡುವಾಗ ನಾನೀಗ ಕಾಲುಗಳನ್ನೇ ನೋಡುತ್ತೇನೆ.

ಕೆಸರಿನ ಕೊರತೆ ಇಷ್ಟು: ಯಾರು ಹುಟ್ಟಬಲ್ಲರು ಎಂದು ಅದು ಹೇಳುತ್ತದೆ, ಇವತ್ತು ನೀರಿನಲ್ಲಿ ಯಾರಿದ್ದಾರೆ ಎಂದು ಹೇಳುವುದಿಲ್ಲ. ಎಲ್ಲ ಮೊಟ್ಟೆಗಳೂ ಒಂದೇ ಸಲಕ್ಕೆ ಒಡೆಯುವುದಿಲ್ಲ. ಅದೇ ಮಣ್ಣನ್ನು ಒಣಗಿಸಿ ಮತ್ತೆ ನೆನೆಸಿದಾಗ ಇನ್ನಷ್ಟು ಎದ್ದುಬಂದವು. ಈಗ ಹೊಂಡಕ್ಕೆ ಹೊರಡುವಾಗ ನನ್ನ ಚೀಲದಲ್ಲಿ ಸ್ಕ್ರೀನ್ ಬಟ್ಟೆಯ ಡಬ್ಬಿ, ಕುಡುಗೋಲು, ಎರಡು ಬಕೆಟ್ ಇರುತ್ತವೆ. ಬಲೆ ಹೆಗ್ಗೇರಿಗೆ ಮೀಸಲು. ಟಬ್ಬು ಮಾತ್ರ ಕಿಟಕಿಯ ಬಳಿಯಿಂದ ಕದಲಿಲ್ಲ. ಈ ವರ್ಷ ಅದಕ್ಕೆ ಮೂರನೆಯ ಸಲ ನೀರು ಹಾಕಬೇಕು.