ದೇವಿಕೆರೆ ಹತ್ರದ ಪಟ್ಟಿ-ಪೆನ್ನಿನ ಅಂಗಡಿ, ಮಕ್ಕಳನ್ನ ಧೈರ್ಯವಾಗಿ ಕಳಿಸ್ಬಹುದು

ಶಿರಸಿ ದೇವಿಕೆರೆ ಹತ್ರ ಗಲ್ಲಿಯೊಳಗೆ ಇರೋ ಸಣ್ಣ ಅಂಗಡಿ. ಪಟ್ಟಿ, ಪೆನ್ನು, ಝೆರಾಕ್ಸ್, ಸಂಜೆ ಹೊತ್ತು ಕೋಕಂ ಜ್ಯೂಸು, ಮಿರ್ಚಿ ಭಜೆ. ಬನ್ಸ್ ಮಾಡಿದ ದಿನ ಶಾಲೆ ಬಿಟ್ಟ ಅರ್ಧ ಗಂಟೆಗೇ ಖಾಲಿ. ರುಚಿ ಚಲೋ ಇದೆ, ಆದ್ರೆ ಐದು ಸ್ಟಾರ್ ಕೊಡ್ತಿರೋದು ಅದಕ್ಕಲ್ಲ.

ನನ್ನ ಮಗ ಒಂಬತ್ತನೇ ಕ್ಲಾಸು. ಈ ವಯಸ್ಸಲ್ಲಿ ದೋಸ್ತರು ಹೇಳಿದ್ದೇ ವೇದವಾಕ್ಯ, ಮಾರಿಕಾಂಬಾ ಜಾತ್ರೆ ವರ್ಷ ಬಂತು ಅಂದ್ರೆ 'ಎಲ್ರೂ ಐನೂರು ತರ್ತಾರೆ ನಂಗೂ ಬೇಕು', ಬರ್ತ್‌ಡೇ ಬಂತು ಅಂದ್ರೆ ಪಾರ್ಟಿ ಎಲ್ಲಿ ಅಂತ ಗಂಟು ಬೀಳ್ತಾರೆ, ಒಬ್ಬನೇ ಎಲ್ಲರ ಬಿಲ್ಲು ಕೊಡ್ಬೇಕು, ಕೊಡದಿದ್ರೆ ಜುಗ್ಗ ಅಂತ ಹೆಸರು. ಇಲ್ಲಿ ಮಕ್ಕಳಿಗೆ ಉದ್ರಿ ಇಲ್ಲ, ಪ್ಲೇಟು ಕೈಗೆ ಕೊಡೋ ಮೊದ್ಲು ಅವರವರ ದುಡ್ಡು ಅವರವರ ಹತ್ರಾನೇ ಇಸ್ಕೊಳ್ತಾರೆ. ನಾನೇ ನಿಂತು ನೋಡಿದ್ದು, ಒಬ್ಬ 'ಎಲ್ಲರದ್ದೂ ಇವ್ನೇ ಕೊಡ್ತಾನೆ ಅಕ್ಕಾ' ಅಂತ ಪಕ್ಕದವನ ಹೆಗಲ ಮೇಲೆ ಕೈ ಹಾಕ್ದ, ಅಕ್ಕ ಬಾಣಲೆಯಿಂದ ಭಜೆ ತೆಗೀತಾ ತಲೆ ಕೂಡ ಎತ್ತದೇ 'ನಮ್ಮಲ್ಲಿ ಹಂಗೆಲ್ಲ ನಡೆಯೋದಿಲ್ಲ ತಮ್ಮಾ, ನಿಂದು ಇಪ್ಪತ್ತು ತೆಗಿ' ಅಂದ್ರು. ಪಕ್ಕದ ಹುಡುಗ ಬಾಯಿ ಬಿಡೋ ಪ್ರಸಂಗಾನೇ ಬರ್ಲಿಲ್ಲ. ಇಲ್ಲ ಅನ್ನು, ಹೆದರ್ಬೇಡ ಅಂತ ನಾವು ಮನೇಲಿ ಕೂತು ಹೇಳ್ತೇವೆ, ಆದ್ರೆ ಗುಂಪಲ್ಲಿ ನಿಂತ ಮಕ್ಕಳಿಗೆ ಇಲ್ಲ ಅನ್ನೋಕೆ ಒಂದು ನೆಪ ಬೇಕು. 'ಅಕ್ಕ ಬಿಡೋದಿಲ್ಲ ಮಾರಾಯ' ಅಂದ್ರೆ ಯಾರೂ ಹಂಗಿಸೋದಿಲ್ಲ.

ಗುಟ್ಕಾ, ಸಿಗರೇಟ್ ಇಟ್ಟೇ ಇಲ್ಲ. ಶಾಲೆಯಿಂದ 100 ಗಜದೊಳಗೆ ಮಾರಬಾರ್ದು ಅಂತ 2003ರ ಕಾನೂನಿದೆ, ನಮ್ಮ ರಾಜ್ಯದಲ್ಲಿ ಈಗ 21 ವರ್ಷ ಆಗದವರಿಗೆ ಕೊಡೋ ಹಾಗೇ ಇಲ್ಲ, ಆದ್ರೂ ಬೇರೊಂದು ಕಡೆ ಯೂನಿಫಾರ್ಮಲ್ಲಿ ಇದ್ದವರಿಗೇ ಬಿಡಿಯಾಗಿ ಸಿಗರೇಟ್ ಕೊಡೋದು ನೋಡಿ ಹೊಟ್ಟೆ ಉರಿದಿದೆ. 'ಒಂದು ದಮ್ ಎಳೆದ್ರೆ ಏನಾಗ್ತದೆ' ಅನ್ನೋದು ಶುರುವಾಗೋದೇ ಅಂಥ ಅಂಗಡಿ ಕಟ್ಟೆ ಮೇಲೆ. ಇಲ್ಲಿ ಗಲ್ಲಾ ಪಕ್ಕ 1098, 14416 ಅಂತ ಸ್ಕೆಚ್‌ಪೆನ್ನಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ದಾರೆ. ಮೊದ್ಲಿಂದು ಮಕ್ಕಳ ಸಹಾಯವಾಣಿ, ಇನ್ನೊಂದು ಟೆಲಿ ಮಾನಸ್, ಅಂದ್ರೆ ಮನಸ್ಸಿಗೆ ಕಷ್ಟ ಆದಾಗ ಮಾತಾಡೋಕೆ ಇರೋ ಸರ್ಕಾರಿ ಸಹಾಯವಾಣಿ, ಎರಡೂ ಫ್ರೀ, ರಾತ್ರಿ ಹೊತ್ತೂ ಮಾಡ್ಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಒಬ್ಬಳು ಹುಡುಗಿ ಹೊಸ ಪಟ್ಟಿಯ ಕೊನೇ ಹಾಳೇಲಿ ಅದನ್ನ ಬರ್ಕೊಳ್ತಾ ಇದ್ಲು, ಅಕ್ಕ ಏನೂ ಕೇಳ್ಲಿಲ್ಲ, ಅದು ನಂಗೆ ಭಾಳ ಹಿಡಿಸ್ತು.

ಝೆರಾಕ್ಸ್ ಮಾತ್ರ ಮಸುಕು, ಪ್ರಾಜೆಕ್ಟ್ ಕೆಲಸಕ್ಕೆ ಬೇರೆ ಕಡೆ ಹೋಗಿ. ಮಳೆಗಾಲದಲ್ಲಿ ಎದುರಿಗೆ ನಿಲ್ಲೋಕೆ ಜಾಗ ಇಲ್ಲ, ಶೀಟು ಸ್ವಲ್ಪ ಮುಂದೆ ಎಳೆಸಿದ್ರೆ ಉಪಕಾರ ಆಗ್ತದೆ. ಭಾನುವಾರ ಬಂದ್.