ಗ್ರೇ ಗಿಳಿಗೆ ತಂದ ಅಕ್ರಿಲಿಕ್ ಚಕ್ರ: ದುಡ್ಡಿಗೆ ಮೋಸವಿಲ್ಲ, ಪವಾಡವೂ ಅಲ್ಲ

ಮೊದಲೇ ಹೇಳಿಬಿಡುತ್ತೇನೆ. ಗಿಳಿ ಬೇಜಾರಿಗೆ ಪುಕ್ಕ ಕಿತ್ತುಕೊಳ್ಳುತ್ತಿದೆ, ಏನಾದರೂ ಆಟಿಕೆ ಕೊಡಿಸೋಣ ಅಂತ ಹುಡುಕುತ್ತಿದ್ದರೆ, ಒಳಗೆ ತಿಂಡಿ ತುಂಬಿಸಿ ಪಂಜರಕ್ಕೆ ಸಿಕ್ಕಿಸುವ ಅಕ್ರಿಲಿಕ್ ಚಕ್ರ ಸಿಗುತ್ತಲ್ವಾ, ಅದನ್ನು ಧೈರ್ಯವಾಗಿ ತಗೊಳ್ಳಿ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಒಂದನ್ನು ಯಾಕೆ ಕಿತ್ತುಕೊಂಡೆ ಅಂತ ಮುಂದೆ ಬರುತ್ತೆ.

ನಮ್ಮದು ಆಫ್ರಿಕನ್ ಗ್ರೇ. ಹಾಸನದಲ್ಲಿ ಮನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗ್ತೀವಿ, ಮಗಳು ಸ್ಕೂಲಿಗೆ. ಹಗಲೆಲ್ಲ ಅದೊಂದೇ. ಈ ಜಾತಿ ಸಿಕ್ಕಾಪಟ್ಟೆ ಬುದ್ಧಿ ಇರುವಂಥದ್ದು, ಪುಕ್ಕ ಕೀಳುವ ಚಾಳಿಗೂ ಹೆಸರುವಾಸಿ. ಕಾಡಿನಲ್ಲಿ ಹಿಂಡಿನಲ್ಲಿ ಬದುಕುವ ಹಕ್ಕಿಯನ್ನು ಖಾಲಿ ಮನೆಯಲ್ಲಿ ಕೂರಿಸಿದರೆ ಇನ್ನೇನಾಗುತ್ತೆ? (ಕಾಗದಪತ್ರ ಕೇಳುವವರಿಗೆ: ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ. ನಮ್ಮ ಮರದ ಪೊಟರೆಗಳಲ್ಲಿ ಇರುವ ಹಸಿರು ಗಿಳಿ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಅದನ್ನು ಹಿಡಿದು ತಂದು ಆಟಿಕೆ ಯಾವುದು ಒಳ್ಳೇದು ಅಂತ ನನ್ನನ್ನು ಕೇಳಬೇಡಿ.)

ಪುಕ್ಕ ಕೀಳೋದನ್ನು ನೋಡದವರಿಗೆ ಅದು ಎಂಥ ಸಂಕಟ ಅಂತ ಗೊತ್ತಾಗಲ್ಲ. ಎದೆಯ ಮೇಲೆ ಹೊಸ ಪುಕ್ಕ ಮೊಳೆಯುವಾಗ ಮುಳ್ಳಿನ ಹಾಗೆ ಇರುತ್ತೆ, ಮೇಲಿನ ಬಿಳಿ ಪೊರೆ ಇನ್ನೂ ಬಿಟ್ಟಿರೋದಿಲ್ಲ. ಅದನ್ನೇ ಹುಡುಕಿ, ಕೊಕ್ಕಿನ ತುದಿಯಲ್ಲಿ ಹಿಡಿದು, ಪಟ್ ಅಂತ ಎಳೆಯುತ್ತೆ. ಎಳೆದಾಗ ತಾನೇ ಸಣ್ಣಗೆ ಕಿರುಚುತ್ತೆ. ಆಮೇಲೆ ಬುಡವನ್ನು ನಾಲಿಗೆ ಮೇಲೆ ಹೊರಳಿಸಿ, ಸ್ವಲ್ಪ ಹೊತ್ತು ಜಗಿದು ಕೆಳಗೆ ಬೀಳಿಸಿ, ಇನ್ನೊಂದಕ್ಕೆ ಹುಡುಕಾಟ. ಸಂಜೆ ಬಂದು ಪಂಜರದ ತಟ್ಟೆ ಎಳೆದರೆ ಬೂದುಬಣ್ಣದ ತುಪ್ಪಳ ರಾಶಿ. ತಲೆ ಮಾತ್ರ ನೀಟಾಗಿತ್ತು. ಅಲ್ಲಿಗೆ ಅದರ ಕೊಕ್ಕು ಎಟುಕೋದಿಲ್ಲವಲ್ಲ. ಒಂಟಿಯಾಗಿರುವ ಗಿಳಿಯ ತಲೆ ಮೇಲೂ ಪುಕ್ಕ ಉದುರಿದ್ದರೆ ಅದು ಬೇಜಾರಿನ ಕೆಲಸ ಅಲ್ಲ, ಬೇರೆ ಕಾಯಿಲೆ ಅಂತಲೇ ತಿಳಿಯಿರಿ.

ಅದಕ್ಕೇ ಹೇಳೋದು, ಆಟಿಕೆಗೆ ಮುಂಚೆ ಡಾಕ್ಟರು. ಹಕ್ಕಿ ನೋಡುವ ಡಾಕ್ಟರು ಊರೂರಲ್ಲಿ ಸಿಗಲ್ಲ ನಿಜ. ಆದರೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಮೊದಲು ಅಲ್ಲಿ ಕೇಳಿ ನೋಡಿ. ಚರ್ಮದ ಸೋಂಕು, ಲಿವರ್ ತೊಂದರೆ, ಹೊಟ್ಟೆಯ ಪರಾವಲಂಬಿ, ಸತುವಿನ ವಿಷ, ಬರೀ ಸೂರ್ಯಕಾಂತಿ ಬೀಜ ತಿಂದು ಆಗುವ ವಿಟಮಿನ್ ಎ ಕೊರತೆ, ಯಾವುದರಿಂದ ಬೇಕಾದರೂ ಗಿಳಿ ಮೈ ಕಿತ್ತುಕೊಳ್ಳಬಹುದು. ನಮ್ಮದಕ್ಕೆ ರಕ್ತ, ಹಿಕ್ಕೆ ಎಲ್ಲ ಪರೀಕ್ಷೆ ಆಗಿ ಏನೂ ಸಿಗದೇ ಇದ್ದಾಗಲೇ ಬೇಜಾರು, ಗಾಬರಿ ಅಂತ ತೀರ್ಮಾನವಾಗಿದ್ದು. ಕ್ಯಾರೆಟ್, ಸಿಹಿಗುಂಬಳ, ಸೊಪ್ಪು ಶುರು ಮಾಡಿದೆವು. ನಿದ್ದೆಗೆ ಹತ್ತರಿಂದ ಹನ್ನೆರಡು ಗಂಟೆ ಕತ್ತಲು ಬೇಕಂತೆ, ಹಾಗಾಗಿ ಪಂಜರ ಟೀವಿ ಇರುವ ಹಾಲ್ ಬಿಟ್ಟು ಒಳಗಿನ ರೂಮಿಗೆ ಹೋಯಿತು. ಹಾಸನಾಂಬೆ ಬಾಗಿಲು ತೆಗೆದಾಗ ನಮ್ಮ ಮನೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ, ದರ್ಶನಕ್ಕೆ ಬಂದ ನೆಂಟರೆಲ್ಲ ಇಲ್ಲೇ, ಅದು ಮುಗಿಯುವಷ್ಟರಲ್ಲಿ ದೀಪಾವಳಿ ಪಟಾಕಿ. ಆ ದಿನಗಳಲ್ಲಿ ಅದರ ಚಾಳಿ ಜಾಸ್ತಿಯಾಗುತ್ತೆ ಅನ್ನೋದು ಕಣ್ಣಿಗೇ ಕಾಣುತ್ತಿತ್ತು.

ಇನ್ನು ಪೆಟ್ ಶಾಪ್‌ನವರು ಕೊಡುವ ಸಾಮಾನು. ಕನ್ನಡಿ, ಗಂಟೆ, ಕಹಿ ಸ್ಪ್ರೇ. ಕನ್ನಡಿಗೆ ಗ್ರೇ ಮರುಳಾಗಲ್ಲ. ಗಂಟೆಯ ನಾಲಗೆ ಕಿತ್ತು ಬಾಯಿಗೆ ಹಾಕಿಕೊಳ್ಳುವಷ್ಟು ಕೊಕ್ಕಿನ ಶಕ್ತಿ ಅದಕ್ಕಿದೆ, ಆದ್ದರಿಂದ ಬೇಡ. ಪುಕ್ಕಕ್ಕೆ ಹೊಡೆಯುವ ಕಹಿ ಸ್ಪ್ರೇಗಂತೂ ದುಡ್ಡು ದಂಡ. ಅಂಟಂಟಾದ ಪುಕ್ಕವನ್ನು ಸರಿ ಮಾಡಿಕೊಳ್ಳೋಕೆ ಹಕ್ಕಿ ಇನ್ನೂ ಜಾಸ್ತಿ ಹೊತ್ತು ಮೈ ಕೆದಕುತ್ತೆ, ಅಂದರೆ ಬಿಡಿಸಬೇಕಾದ್ದನ್ನೇ ಮಾಡಿಸಿದ ಹಾಗಾಯಿತು. ಸಾದಾ ನೀರನ್ನು ಹೂವಿಗೆ ಚಿಮುಕಿಸೋ ಬಾಟಲಿಯಲ್ಲಿ ಹಾಕಿ ಮೈ ಮೇಲೆ ಸಣ್ಣಗೆ ಚಿಮುಕಿಸಿ, ಅದು ಸಾಕು. ಕುತ್ತಿಗೆಗೆ ಹಾಕುವ ಕಾಲರ್ ಬಗ್ಗೆ ಡಾಕ್ಟರು ಹೇಳದೆ ಯೋಚನೆಯನ್ನೂ ಮಾಡಬೇಡಿ.

ಈಗ ಚಕ್ರಕ್ಕೆ ಬರೋಣ. ಗಾಜಿನ ಹಾಗೆ ಕಾಣುವ ದಪ್ಪ ಅಕ್ರಿಲಿಕ್, ದುಂಡಗೆ, ಒಳಗೆ ನಾಲ್ಕೈದು ಖಾನೆ, ನಡುವೆ ಬೋಲ್ಟ್. ಗಿಳಿ ಕೊಕ್ಕಿನಿಂದಲೋ ಕಾಲಿನಿಂದಲೋ ತಿರುಗಿಸಿ, ಖಾನೆ ತೂತಿನ ಎದುರಿಗೆ ಬಂದಾಗ ತಿಂಡಿ ತೆಗೆಯಬೇಕು. ಅಷ್ಟೇ. ಆದರೆ ಅದರಲ್ಲೇ ವಿಷಯ ಇರೋದು. ಕಾಡಿನ ಅಮೆಜಾನ್ ಗಿಳಿಗಳು (ಅಮೆರಿಕ ಖಂಡದ ಬೇರೆ ಜಾತಿ) ದಿನಕ್ಕೆ ನಾಲ್ಕರಿಂದ ಆರು ಗಂಟೆ ಆಹಾರ ಹುಡುಕುವುದರಲ್ಲೇ ಕಳೆಯುತ್ತವೆ, ಬಟ್ಟಲಲ್ಲಿ ಕಾಳು ಹಾಕಿಟ್ಟರೆ ಆ ಕೆಲಸ ಹೆಚ್ಚೆಂದರೆ ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿದುಹೋಗುತ್ತೆ. ಉಳಿದ ಹೊತ್ತಿಗೆ ಕೊಕ್ಕಿಗೆ ಏನು ಕೆಲಸ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಮರಿ ಅಮೆಜಾನ್ ಗಿಳಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದ್ದಾರೆ: ಆಹಾರವನ್ನು ಹುಡುಕಿ, ಬಿಡಿಸಿ ತಿನ್ನುವ ಹಾಗೆ ಇಟ್ಟು, ಪಂಜರದಲ್ಲಿ ಹತ್ತಿ ಇಳಿಯೋಕೆ ಸಾಮಾನು ಹಾಕಿದ ಗಿಳಿಗಳಲ್ಲಿ ಪುಕ್ಕ ಕೀಳೋದು ಕಡಿಮೆಯಾಯಿತು. ಆದ್ದರಿಂದ ಆಟಿಕೆ ಬಣ್ಣಬಣ್ಣವಾಗಿದೆಯಾ ಅಂತ ನೋಡಬೇಡಿ. ಊಟಕ್ಕಾಗಿ ಗಿಳಿಯ ಕೈಲಿ ದುಡಿಸುತ್ತಾ ಅಂತ ನೋಡಿ.

ನಮ್ಮದು ಮೊದಲು ಚಕ್ರ ಕಂಡು ಹೆದರಿ ಪಂಜರದ ಮೂಲೆ ಹಿಡಿಯಿತು. ಗ್ರೇಗಳು ಹೊಸದಕ್ಕೆ ಹೆದರುತ್ತವೆ, ತಂದ ದಿನವೇ ಒಳಗೆ ನೇತುಹಾಕಬೇಡಿ. ಪಂಜರದ ಹೊರಗೆ, ದೂರದಲ್ಲಿ, ಅದಕ್ಕೆ ಕಾಣುವ ಹಾಗೆ ಇಟ್ಟು, ಮಗಳು ಅದರಿಂದ ಬಾದಾಮಿ ತೆಗೆದು ತಿನ್ನೋದನ್ನು ತೋರಿಸಿದಳು. ಹೊಟ್ಟೆಕಿಚ್ಚು ಕೆಲಸ ಮಾಡಿತು. ಈಗ ಬೆಳಗ್ಗೆ ಹೊರಡುವಾಗ ಅದರ ಪಾಲಿನ ಅರ್ಧ ಊಟ ಚಕ್ರದೊಳಗೆ, ಬಟ್ಟಲಿಗೆ ಕಡಿಮೆ.

ಆ ಒಂದು ಸ್ಟಾರ್ ಹೋಗಿದ್ದು ಬೋಲ್ಟ್‌ಗೆ. ಜೊತೆಗೆ ಬಂದ ಬೋಲ್ಟು, ನಟ್ಟು ಸ್ಟೀಲ್ ಅಂತ ಬರೆದಿತ್ತು, ಆಯಸ್ಕಾಂತ ಹಿಡಿದರೆ ಗಟ್ಟಿಯಾಗಿ ಕಚ್ಚಿಕೊಂಡಿತು. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಗೆ ಕಚ್ಚಲ್ಲ. ಸತುವಿನ ಲೇಪ ಇರುವ ಕಬ್ಬಿಣವಾದರೆ ಗಿಳಿ ಅದನ್ನು ನೆಕ್ಕಿ ನೆಕ್ಕಿ ವಿಷವೇರಿಸಿಕೊಳ್ಳುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟೇನ್‌ಲೆಸ್ ಬೋಲ್ಟ್ ತಂದು ಬದಲಾಯಿಸಿದೆವು, ಚಿಲ್ಲರೆ ಕಾಸು ಖರ್ಚು. ಸಾವಿರದ ಹತ್ತಿರ ತಗೊಳ್ಳೋ ಸಾಮಾನಿಗೆ ಅದನ್ನೂ ನಾವೇ ಹಾಕಬೇಕಾ? ಮಾರಿದವರಿಗೆ ಬರೆದೆ, ಉತ್ತರ ಬಂದಿಲ್ಲ.

ಇನ್ನೊಂದು, ಗ್ರೇ ಇದರ ಗುಟ್ಟನ್ನು ಬೇಗ ಕಲಿತುಬಿಡುತ್ತೆ. ಕಲಿತ ಮೇಲೆ ಸರಸರ ತಿರುಗಿಸಿ ಖಾಲಿ ಮಾಡಿ ಮತ್ತೆ ಸುಮ್ನೆ ಕೂರುತ್ತೆ. ಖಾನೆಗೆ ಕಾಗದದ ಉಂಡೆ ತುರುಕಿ ಕಷ್ಟ ಮಾಡಬಹುದು, ಆದರೂ ಚಕ್ರವೊಂದರಿಂದಲೇ ದಿನ ತುಂಬಲ್ಲ. ಅಲ್ಲಿಂದ ಮುಂದೆ ನಮ್ಮ ಕಡೆಯ ಸಾಮಾನೇ ಗತಿ, ನಿಜ ಹೇಳಬೇಕೆಂದರೆ ಅದೇ ಹೆಚ್ಚು ಉಪಯೋಗಕ್ಕೆ ಬಂದಿದ್ದು. ಅಡಿಕೆ ಹಾಳೆಯನ್ನು ತೊಳೆದು ಒಣಗಿಸಿ, ಒಳಗೆ ಎರಡು ಕಡಲೆಕಾಯಿ ಬೀಜ ಇಟ್ಟು, ಸುರುಳಿ ಸುತ್ತಿ ಬಾಳೆನಾರಲ್ಲಿ ಕಟ್ಟಿ ಕೊಡಿ. ಕಾಲಲ್ಲಿ ಅದುಮಿ ಹಿಡಿದು, ಒಂದೊಂದೇ ಎಳೆ ಸೀಳಿ, ಪುಕ್ಕ ಎಳೆಯುತ್ತಿದ್ದ ಅದೇ ರೀತಿಯಲ್ಲಿ ನಾರು ಎಳೆಯುತ್ತೆ. ಮುಸುಕಿನ ಜೋಳವನ್ನು ಸಿಪ್ಪೆ ಸಮೇತ ನೇತುಹಾಕಿ. ಆನ್‌ಲೈನಲ್ಲಿ ಪುಟ್ಟ ಪ್ಯಾಕೆಟ್‌ಗೆ ಬೆಲೆ ಕಟ್ಟಿ ಮಾರುವ ತೆನೆ ನಮ್ಮ ನವಣೆಯೇ, ರೈತರ ಹತ್ತಿರ ಸಿಕ್ಕರೆ ಒಂದು ಹಿಡಿ ಇಸ್ಕೊಳ್ಳಿ. ಹತ್ತಿ ಹಗ್ಗ ಬೇಡ, ಎಳೆ ನುಂಗಿದರೆ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತೆ, ಕಾಲುಗುರಿಗೂ ಸುತ್ತಿಕೊಳ್ಳುತ್ತೆ.

ಕೂರೋಕೆ ಕೊಂಬೆ ಬೇಕಲ್ವಾ? ಹೊರದೇಶಗಳಲ್ಲಿ ಜಾವಾ ವುಡ್ ಅಂತ ದುಬಾರಿಗೆ ಮಾರುವ ಗಿಳಿ ಸ್ಟ್ಯಾಂಡು ಬೇರೇನಲ್ಲ, ಕಾಫಿ ಗಿಡದ ಕಟ್ಟಿಗೆ! ಸಕಲೇಶಪುರದ ಕಡೆ ಭಾವನ ತೋಟದಲ್ಲಿ ಒಲೆಗೆ ಹೋಗೋದು ಅದು. ಆದರೆ ಕಾಂಡಕೊರಕಕ್ಕೆ ಕ್ಲೋರ್‌ಪೈರಿಫಾಸ್ ಕೀಟನಾಶಕ ಬಳಿದ ಕಾಂಡವನ್ನಾಗಲಿ, ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆದ ರೆಂಬೆಯನ್ನಾಗಲಿ ತರಬೇಡಿ. ಔಷಧಿ ಕಾಣದ ಗಿಡದ್ದೇ ಅಂತ ತೋಟದವರನ್ನು ಗಟ್ಟಿಯಾಗಿ ಕೇಳಿ, ತೊಗಟೆ ಹೆರೆದು, ತೊಳೆದು, ಚೆನ್ನಾಗಿ ಬಿಸಿಲಿಗೆ ಹಾಕಿ. ಹಣ್ಣು, ಬೀಜ ಒಂದೂ ಉಳಿದಿರಬಾರದು, ಕೆಫೀನ್ ಗಿಳಿಗೆ ವಿಷ. ಔಷಧಿ ಬಗ್ಗೆ ಅನುಮಾನ ಇದ್ದರೆ ಹಿತ್ತಲ ಸೀಬೆ ಕೊಂಬೆಯೇ ಸಾಕು.

ಫಲಿತಾಂಶ ಕೇಳಿದರೆ, ಎದೆ ತುಂಬಿಕೊಂಡಿದೆ. ತೊಡೆಯ ಹತ್ತಿರ ಇನ್ನೂ ಬೋಳು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಿತ್ತರೆ ಪುಕ್ಕದ ಬುಡವೇ ಹಾಳಾಗಿ ಅಲ್ಲಿ ಮತ್ತೆ ಬರದೇ ಇರಬಹುದು ಅಂತ ಡಾಕ್ಟರು ಹೇಳಿದ್ದಾರೆ. ಜೋರು ಮಳೆಯಿಂದ ಹೊರಗೆ ಬಿಡೋಕೆ ಆಗದ ದಿನ ಈಗಲೂ ಒಂದೆರಡು ಕೀಳುತ್ತೆ.

ಕೊಳ್ಳುವವರು ಸೈಜ್ ನೋಡಿ ಕೊಳ್ಳಿ. ಚಿಕ್ಕ ಚಕ್ರ ಕಾಕಟೀಲ್, ಕನ್ಯೂರ್‌ನಂಥ ಸಣ್ಣ ಗಿಳಿಗಳಿಗೆ ಸರಿ, ಗ್ರೇ ಕೊಕ್ಕಿಗೆ ಅದರ ಅಂಚು ಮುರಿಯುತ್ತೆ. ದೊಡ್ಡದರ ಬೆಲೆ ಜಾಸ್ತಿ, ಆದರೂ ಅದನ್ನೇ ತರಿಸಿ, ಬರುವಷ್ಟರಲ್ಲಿ ಸ್ಟೇನ್‌ಲೆಸ್ ಬೋಲ್ಟ್ ತಂದಿಟ್ಟುಕೊಂಡಿರಿ.